ಟ್ಯೂಬ್ ಬೆಳ್ಳಗಾಗುವ ಹೊತ್ತು

ಕಿರುಬೆರಳಿಗಿಂತ ಚಿಕ್ಕ ಟ್ಯೂಬ್. ಒಳಗೆ ತಿಳಿಯಾದ ದ್ರಾವಣ. ನೋಡುತ್ತಿದ್ದಂತೆ ಅದು ಬೆಳ್ಳಗೆ ಮಬ್ಬಾಗುತ್ತಾ ಬರುತ್ತದೆ. ಅತ್ತ ಆಪರೇಷನ್ ಕೋಣೆಯಲ್ಲಿ ಥೈರಾಯ್ಡ್ ಕ್ಯಾನ್ಸರಿನ ರೋಗಿ ಇನ್ನೂ ಅರಿವಳಿಕೆಯಲ್ಲಿದ್ದಾರೆ. ಸರ್ಜನ್ ಈ ಟ್ಯೂಬಿನ ಸುದ್ದಿಗಾಗಿ ಕಾಯುತ್ತಿದ್ದಾರೆ.

ಕತ್ತಿನ ದುಗ್ಧಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ, ಕ್ಯಾನ್ಸರ್ ಹರಡಿದೆಯಾ? ಹರಡಿದ್ದರೆ ಸುತ್ತಲಿನವನ್ನೂ ತೆಗೆಯಬೇಕಾಗಬಹುದು. ಇಲ್ಲದಿದ್ದರೆ ಸುಮ್ನೆ ಅಲ್ಲಿ ಕೈಯಾಡಿಸಬಾರದು. ದನಿಪೆಟ್ಟಿಗೆಯ ನರ ಅಲ್ಲೇ ಹಾದುಹೋಗುತ್ತದೆ. ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್‌ಗಳೂ ಅಲ್ಲೇ ಅಂಟಿಕೊಂಡಿವೆ.

ಹಳೆಯ ದಾರಿ ಎಂದರೆ ನೋಡ್ ಅನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಹೆರೆದು, ಮೈಕ್ರೋಸ್ಕೋಪಿನಲ್ಲಿ ನೋಡುವುದು. ದಪ್ಪ ಪುಸ್ತಕದ ನಾಲ್ಕೈದು ಪುಟ ಮಾತ್ರ ತೆರೆದು ತಪ್ಪಕ್ಷರ ಹುಡುಕಿದ ಹಾಗೆ. ಆ ಟ್ಯೂಬಿನಲ್ಲಿ ನಡೆಯುತ್ತಿರುವುದು ಓಸ್ನಾ ಎಂಬ ಪರೀಕ್ಷೆ. ಅದು ನೋಡ್ ಅನ್ನೇ ಅರೆದುಬಿಡುತ್ತದೆ. ಆ ರಸದಲ್ಲಿ ಸೈಟೋಕೆರಾಟಿನ್ 19 ಎಂಬ ಪ್ರೋಟೀನಿನ ಎಂಆರ್‌ಎನ್‌ಎ, ಅಂದರೆ ಆ ಪ್ರೋಟೀನ್ ತಯಾರಿಸಲು ಕೋಶ ಬರೆದುಕೊಳ್ಳುವ ಚೀಟಿಯಂಥ ಅಣು, ಹುಡುಕುತ್ತದೆ. ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರಿನ ಕೋಶಗಳಲ್ಲಿ ಇದು ಜಾಸ್ತಿ. ರೋಗವಿಲ್ಲದ ನೋಡಿನಲ್ಲಿ ಇದಕ್ಕೆ ಕೆಲಸವೇ ಇಲ್ಲ.

ಸಿಕ್ಕ ನಾಲ್ಕು ಅಣುಗಳನ್ನು ಕೋಟಿಯಾಗಿಸುವ ಬಗೆ ನನಗೆ ಬಲು ಇಷ್ಟ. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ ಹೊಳೆದ, ಡಿಎನ್‌ಎಯ ನಕಲುಗಳನ್ನು ತೆಗೆಯುವ ಪಿಸಿಆರ್‌ ವಿಧಾನಕ್ಕೆ 1993ರಲ್ಲಿ ನೊಬೆಲ್ ಬಂತು. ಅದು ಡಿಎನ್‌ಎಯ ಎರಡು ಎಳೆ ಬಿಡಿಸಲು ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸುತ್ತದೆ, ತಣಿಸುತ್ತದೆ, ಮತ್ತೆ ಕಾಯಿಸುತ್ತದೆ. ಓಸ್ನಾದೊಳಗಿರುವುದು 2000ದಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಲ್ಯಾಂಪ್ ವಿಧಾನ. ಎಂಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿಕೊಂಡ ಮೇಲೆ 65 ಡಿಗ್ರಿ ಆಸುಪಾಸಿನಲ್ಲೇ ಎಲ್ಲ ಕೆಲಸ. ಕಿಣ್ವ ಎದುರಿನ ಎಳೆಯನ್ನು ಜಿಪ್ ಬಿಚ್ಚಿದಂತೆ ತಳ್ಳಿಕೊಂಡೇ ಹೊಸ ಎಳೆ ಹೆಣೆಯುತ್ತದೆ. ಬಿಚ್ಚಿದ ಎಳೆಯ ತುದಿ ತನ್ನ ಮೇಲೇ ಮಡಚಿ ಕುಣಿಕೆಯಾಗುತ್ತದೆ. ಪ್ರತಿ ಕುಣಿಕೆಯೂ ಹೊಸ ಹೆಣಿಗೆಯ ಮೊದಲ ಹೊಲಿಗೆ. ಬಳ್ಳಿಯ ಗಿಣ್ಣುಗಿಣ್ಣಿಗೂ ಚಿಗುರು ಬಂದು, ಆ ಚಿಗುರಿಗೂ ಗಿಣ್ಣು ಮೂಡಿದಂತೆ! ಎಳೆ ಬೆಳೆದಂತೆಲ್ಲ ಮೆಗ್ನೀಸಿಯಂ ಪೈರೋಫಾಸ್ಫೇಟ್ ಎಂಬ ಬಿಳಿ ಪುಡಿ ಕೂಡುತ್ತದೆ. ಅದೇ ಆ ಮಬ್ಬು. ಬೇಗ ಮಬ್ಬಾದರೆ ಮೊದಲಿಗೇ ಎಂಆರ್‌ಎನ್‌ಎ ಜಾಸ್ತಿ ಇತ್ತು, ಅಂದರೆ ಕ್ಯಾನ್ಸರ್ ಕೋಶಗಳೂ ಜಾಸ್ತಿ ಎಂದರ್ಥ. ಗಡಿಯಾರವೇ ತಕ್ಕಡಿ ಆಯಿತಲ್ವಾ?

ಅರೆದ ಭಾಗವನ್ನು ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡಲಾಗದು. ಥೈರಾಯ್ಡಿನ ಚೂರೊಂದು ನೋಡಿಗೆ ಅಂಟಿದ್ದರೂ ಉತ್ತರ ದಾರಿ ತಪ್ಪಬಹುದು. ಸ್ತನ ಕ್ಯಾನ್ಸರಿನಲ್ಲಿ ಮೊದಲು ನೆಲೆಯೂರಿದ ಪರೀಕ್ಷೆ ಇದು. ಥೈರಾಯ್ಡಿಗೆ ಇನ್ನೂ ಎಲ್ಲೆಡೆ ವಾಡಿಕೆಯಾಗಿಲ್ಲ.

'ಹರಡಿದೆ' ಎಂದ ಕೂಡಲೇ ಎಲ್ಲ ಮುಗಿಯಿತು ಎಂದು ಕುಸಿಯುವವರನ್ನು, ಕತ್ತರಿ ತಾಗಿದರೆ ಕ್ಯಾನ್ಸರ್ ಕೆರಳುತ್ತದೆ ಎಂದು ಆಪರೇಷನ್ ಮುಂದೂಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪ್ಯಾಪಿಲರಿ ಕ್ಯಾನ್ಸರಿನಲ್ಲಿ 55 ವರ್ಷದೊಳಗಿನವರಿಗೆ ಕತ್ತಿನ ನೋಡ್‌ಗೆ ಹರಡಿದ್ದರೂ, ದೂರದ ಅಂಗಗಳಿಗೆ ಹೋಗಿಲ್ಲದಿದ್ದರೆ ಅದು ಮೊದಲನೇ ಹಂತವೇ. ನೋಡಿನೊಳಗಿನ ಕ್ಯಾನ್ಸರ್ ತುಣುಕು 2 ಮಿಲಿಮೀಟರಿಗಿಂತ ಚಿಕ್ಕದಿದ್ದು, ಅಂಥ ನೋಡ್‌ಗಳು ಐದನ್ನು ಮೀರದಿದ್ದರೆ ಮರುಕಳಿಸುವ ಅಪಾಯವೂ ಕಡಿಮೆ. ಹಾಗಾಗಿ ಟ್ಯೂಬ್ ಮಬ್ಬಾಯಿತಾ ಎಂಬುದೊಂದೇ ಸರ್ಜನ್‌ಗೆ ಸಾಲದು. ಎಷ್ಟನೇ ನಿಮಿಷಕ್ಕೆ ಎಂಬುದೂ ಬೇಕು.