ಸಕ್ಕರೆಯ ಮೇಲಿನ ಅನುಮಾನ ಕೊಬ್ಬಿನ ಕಡೆ ತಿರುಗಿದ ಬಗೆ

ಹೃದ್ರೋಗಕ್ಕೆ ಕೊಬ್ಬು ಕಾರಣವೋ ಸಕ್ಕರೆ ಕಾರಣವೋ ಎಂಬ ವಾದ ಹಳೆಯದು. ಅಮೆರಿಕದ ಸಕ್ಕರೆ ಉದ್ಯಮ 1943ರಲ್ಲೇ ತನ್ನದೊಂದು ಸಂಶೋಧನಾ ಪ್ರತಿಷ್ಠಾನ ಕಟ್ಟಿಕೊಂಡಿತ್ತು. 1954ರಲ್ಲಿ ಅದರ ಅಧ್ಯಕ್ಷರು ಒಂದು ಲೆಕ್ಕ ಮುಂದಿಟ್ಟರು: ಊಟದಲ್ಲಿ ಕೊಬ್ಬಿನ ಪಾಲು ಶೇ 40ರಿಂದ 20ಕ್ಕೆ ಇಳಿದು ಆ ಜಾಗಕ್ಕೆ ಕಾರ್ಬೊಹೈಡ್ರೇಟ್ ಬಂದರೆ, ತಲಾ ಸಕ್ಕರೆ ಬಳಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ.

1965ರ ಜುಲೈ ಹೊತ್ತಿಗೆ ಸಕ್ಕರೆಯನ್ನು ಹೃದ್ರೋಗಕ್ಕೆ ಜೋಡಿಸುವ ಪ್ರಬಂಧಗಳು ಪತ್ರಿಕೆಗಳಲ್ಲೂ ಸುದ್ದಿಯಾದವು. ಆ ತಿಂಗಳಲ್ಲೇ ಪ್ರತಿಷ್ಠಾನ ‘ಪ್ರಾಜೆಕ್ಟ್ 226’ಕ್ಕೆ ಒಪ್ಪಿಗೆ ಕೊಟ್ಟಿತು. ಹಾರ್ವರ್ಡ್‌ನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ಒಂದು ವಿಮರ್ಶಾ ಪ್ರಬಂಧ ಬರೆಯಬೇಕು. ಸಂಭಾವನೆ 6,500 ಡಾಲರ್, 2016ರ ಬೆಲೆಯಲ್ಲಿ ಸುಮಾರು 49 ಸಾವಿರ. ಕರಡನ್ನು ಪ್ರತಿಷ್ಠಾನ ಮೊದಲೇ ತರಿಸಿಕೊಂಡು ನೋಡಿತು, ನಮ್ಮ ಮನಸ್ಸಿನಲ್ಲಿದ್ದುದು ಇದೇ ಎಂದು ಉತ್ತರಿಸಿತು.

1967ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಎರಡು ಕಂತಾಗಿ ಬಂದ ಈ ಪ್ರಬಂಧವನ್ನು ನಿಧಾನವಾಗಿ ಓದಬೇಕು. ವಿಮರ್ಶಾ ಪ್ರಬಂಧದಲ್ಲಿ ಹೊಸ ಪ್ರಯೋಗ ಇರುವುದಿಲ್ಲ. ಯಾವ ಅಧ್ಯಯನವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಿಗಿಡಬೇಕು ಎಂಬುದೇ ಅದರ ಕೆಲಸ. ಇಲ್ಲಿ ಜರಡಿ ಎರಡಿದ್ದವು. ಸಕ್ಕರೆಯ ಜನಸಮೂಹ ಅಧ್ಯಯನಗಳಿಗೆ, ಇತರ ಕಾರಣಗಳೂ ಕಲೆತಿವೆ ಎಂಬ ಆಕ್ಷೇಪ. ಸಕ್ಕರೆಯ ಪ್ರಯೋಗಗಳಿಗೆ, ಜನ ನಿಜವಾಗಿ ತಿನ್ನುವ ಊಟಕ್ಕೂ ಇದಕ್ಕೂ ಹೋಲಿಕೆಯಿಲ್ಲ ಎಂಬ ಆಕ್ಷೇಪ. ಎರಡೂ ನ್ಯಾಯವಾದ ಆಕ್ಷೇಪಗಳೇ. ಆದರೆ ಕೊಬ್ಬಿನ ಅಧ್ಯಯನಗಳನ್ನು ಅಷ್ಟೇ ಸಣ್ಣ ಕಣ್ಣಿನ ಜರಡಿಗೆ ಹಾಕಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಳತೆಗೋಲು. ಸಕ್ಕರೆ ಹೆಚ್ಚಾದಾಗ ರಕ್ತದಲ್ಲಿ ಎದ್ದು ಕಾಣುವಂತೆ ಏರುವುದು ಟ್ರೈಗ್ಲಿಸರೈಡ್ ಎಂಬ ಒಂದು ಬಗೆಯ ಕೊಬ್ಬು. ಬೆಣ್ಣೆ, ತುಪ್ಪಗಳಲ್ಲಿ ಹೆಚ್ಚಿರುವ ಪರ್ಯಾಪ್ತ ಕೊಬ್ಬಿನಿಂದ ಏರುವುದು ಕೊಲೆಸ್ಟರಾಲ್. ಈ ಪ್ರಬಂಧದಂತೆ, ಅಪಾಯ ಅಳೆಯಲು ಕೊಲೆಸ್ಟರಾಲ್ ಒಂದೇ ಸಾಕು ಎಂದು ಒಪ್ಪಿಕೊಂಡ ಕ್ಷಣವೇ ಸಕ್ಕರೆ ಮುಕ್ಕಾಲು ಪಾಲು ಪಾರಾದಂತೆ. ಒಂದು ಅಂಕಿಯನ್ನೂ ತಿದ್ದುವ ಅಗತ್ಯ ಬೀಳುವುದಿಲ್ಲ. ಪ್ರಬಂಧದಲ್ಲಿ ಬೇರೆ ಧನಸಹಾಯಗಳ ಉಲ್ಲೇಖವಿತ್ತು, ಸಕ್ಕರೆ ಪ್ರತಿಷ್ಠಾನದ್ದು ಇರಲಿಲ್ಲ. ಆರ್ಥಿಕ ಹಿತಾಸಕ್ತಿ ತಿಳಿಸಬೇಕೆಂದು ಆ ಜರ್ನಲ್ ಕೇಳತೊಡಗಿದ್ದು 1984ರಲ್ಲಿ.

1968ರಲ್ಲಿ ಅದೇ ಉದ್ಯಮದ ಹಣದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಲಿಗಳ ಮೇಲೆ ‘ಪ್ರಾಜೆಕ್ಟ್ 259’ ಆರಂಭವಾಯಿತು. ಟ್ರೈಗ್ಲಿಸರೈಡ್ ಏರುವುದರಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಪಾತ್ರವಿದೆ ಎಂಬ ಸುಳಿವು ಸಿಕ್ಕಿತು. ಮುಗಿಸಲು ಇನ್ನೂ 12 ವಾರ ಬೇಕೆಂದಾಗ, 1970ರಲ್ಲಿ ಹಣ ನಿಂತಿತು. ಫಲಿತಾಂಶ ಅಚ್ಚಾಗಲಿಲ್ಲ.

ಇವೆರಡೂ ಹೊರಬಿದ್ದದ್ದು ಸಂಶೋಧಕಿ ಕ್ರಿಸ್ಟಿನ್ ಕರ್ನ್ಸ್ ಮತ್ತು ಸಂಗಡಿಗರು ಹಳೆಯ ಪತ್ರಗಳನ್ನು ಕೆದಕಿ 2016 ಮತ್ತು 2017ರಲ್ಲಿ ಪ್ರಕಟಿಸಿದಾಗ. 2018ರಲ್ಲಿ ಇಬ್ಬರು ಇತಿಹಾಸಕಾರರು ಆಕ್ಷೇಪ ಎತ್ತಿದರು: ಉದ್ಯಮದ ಹಣ ಪಡೆಯುವುದು ಆಗ ವಾಡಿಕೆ, ಆ ಸಂಶೋಧಕರು ಕೊಬ್ಬಿನ ವಾದಕ್ಕೆ ಮೊದಲೇ ಒಲಿದಿದ್ದರು. ಮಾತು ನಿಜ, ಆದರೆ ಸಮಸ್ಯೆ ಅದರಿಂದ ಇನ್ನಷ್ಟು ಆಳಕ್ಕೆ ಹೋಗುತ್ತದೆ. ತನಗೆ ಬೇಕಾದುದನ್ನೇ ಪ್ರಾಮಾಣಿಕವಾಗಿ ನಂಬಿರುವವರನ್ನು ಹುಡುಕಿ ಹಣ ಕೊಟ್ಟರೆ, ಯಾರ ಮನಸ್ಸನ್ನೂ ಬದಲಿಸಬೇಕಾಗಿಲ್ಲ.

ಇಂದು ಪ್ರಬಂಧ ಕೈಗೆ ಬಂದರೆ ಕೊನೆಯ ಪುಟದ ಧನಸಹಾಯದ ಸಾಲು ಸಾಲದು. ಭಾರತದಲ್ಲಿ ಔಷಧ ಪ್ರಯೋಗಗಳ ನೋಂದಣಿ 2009ರಿಂದ ಕಡ್ಡಾಯ. ಈ ನೋಂದಣಿ ನಡೆಯುವ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ) ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ, ಮೊದಲು ಘೋಷಿಸಿದ ಮುಖ್ಯ ಅಳತೆ ಯಾವುದು, ಪ್ರಬಂಧದಲ್ಲಿರುವುದು ಅದೇನಾ ಎಂದು ಹೋಲಿಸಬಹುದು. ಅಳತೆ ಬದಲಾಗಿದ್ದರೆ ಕಾರಣ ಬರೆದಿದ್ದಾರಾ ನೋಡಬೇಕು. ಆದರೆ ಈ ನೋಂದಣಿ ಇರುವುದು ಮನುಷ್ಯರ ಮೇಲಿನ ಪ್ರಯೋಗಗಳಿಗೆ. ಇಲಿಗಳ ಮೇಲಿನ ಅಧ್ಯಯನವೊಂದು ಇನ್ನು 12 ವಾರ ಬಾಕಿ ಇರುವಾಗ ಇಂದು ನಿಂತುಹೋದರೂ, ಅದರ ಸುಳಿವು ಈ ನೋಂದಣಿಯಲ್ಲಿ ಸಿಗುವುದಿಲ್ಲ.