ಬೆಳ್ಳಂದೂರು: ಬೆಂಕಿ ಕೊಟ್ಟ ಕೆರೆಯೇ ನೆರೆಯನ್ನೂ ಕೊಟ್ಟಿತು

2018ರ ಜನವರಿ 19. ಬೆಂಗಳೂರಿನ ಬೆಳ್ಳಂದೂರು ಕೆರೆಯೊಳಗಿಂದ ಹೊಗೆ ಏಳುತ್ತಿತ್ತು. ಅಗ್ನಿಶಾಮಕ ದಳದ ಗಾಡಿಗಳು ಬಂದವು, ಆದರೆ ದಡದಲ್ಲೇ ನಿಲ್ಲಬೇಕಾಯಿತು. ಬೆಂಕಿ ಇದ್ದದ್ದು ಒಳಗೆ, ಜೊಂಡಿನ ನಡುವೆ. ಅಲ್ಲಿ ಗಾಡಿ ಹೋಗಲ್ಲ, ಪೈಪ್ ಮುಟ್ಟಲ್ಲ, ಕಾಲಿಟ್ಟರೆ ಕೆಸರು. ಕೊನೆಗೆ ಪಕ್ಕದ ಸೇನಾ ಕೇಂದ್ರದಿಂದ ಸುಮಾರು 5,000 ಸೈನಿಕರು ಇಳಿದರು. ಕೆರೆಯ ಬೆಂಕಿ ಆರಿಸೋಕೆ ಸೈನ್ಯ!

ಬೆಂಗಳೂರಿನ ಈ ದಳ ದೊಡ್ಡ ಬೆಂಕಿ ಕಾಣದ್ದೇನಲ್ಲ. 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ ಡೇರೆ ಹೊತ್ತಿಕೊಂಡು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಅನ್ನೋ ಬಹುಮಹಡಿ ಕಟ್ಟಡದ ಬೆಂಕಿಯಲ್ಲಿ 9 ಜನ ಹೋದರು. ಆಮೇಲೆ ಎಲ್ಲರ ಮಾತೂ ಏಣಿ, ತುರ್ತು ಬಾಗಿಲು, ಎನ್‌ಒಸಿ (ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆ ಕೊಡುವ ನಿರಾಕ್ಷೇಪಣಾ ಪತ್ರ) ಸುತ್ತಲೇ. ಕೆರೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಸುಮಾರು 900 ಎಕರೆಯ ಈ ಕೆರೆ ಒಂದು ಕಾಲದಲ್ಲಿ ಗದ್ದೆಗೆ ನೀರು ಕೊಡುತ್ತಿತ್ತು. ಮೇಲಿನ ಕೆರೆಗಳ ಮಳೆನೀರು ರಾಜಕಾಲುವೆಯಲ್ಲಿ ಇಲ್ಲಿಗೆ ಬಂದು, ವರ್ತೂರು ಕೆರೆ ದಾಟಿ, ದಕ್ಷಿಣ ಪಿನಾಕಿನಿ ನದಿ ಸೇರುತ್ತಿತ್ತು. ಊರು ಬೆಳೆದ ಹಾಗೆ ಅದೇ ಕಾಲುವೆಗೆ ಚರಂಡಿ ಸೇರಿತು. ನಮ್ಮ ಬಟ್ಟೆ ಒಗೆದ ಸೋಪಿನ ನೀರು ಕೋಡಿಯಲ್ಲಿ ಧುಮುಕಿ ನೊರೆಯಾಯಿತು. ತಳದ ಹೂಳು ಕೊಳೆತು, ಬೆಂಕಿ ಹತ್ತುವ ಮೀಥೇನ್ ಅನಿಲ ಬಿಟ್ಟಿತು. ಬೇಸಿಗೆ ಹತ್ತಿರ ಬಂದಾಗ ಜೊಂಡು, ಹುಲ್ಲು ಒಣಗುತ್ತದೆ. ದಡದ ಕಸಕ್ಕೆ ಯಾರೋ ಒಂದು ಕಡ್ಡಿ ಗೀರಿದರೆ ಸಾಕು. 2015ರಲ್ಲಿ ನೊರೆಗೇ ಬೆಂಕಿ ಹತ್ತಿತ್ತು. 2017ರಲ್ಲಿ ಮತ್ತೆ ಹೊಗೆ. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು.

ನಾಲ್ಕು ವರ್ಷ ಕಳೆಯಿತು. 2022ರ ಸೆಪ್ಟೆಂಬರ್ ಮೊದಲ ವಾರ ರಾತ್ರಿಯೆಲ್ಲಾ ಸುರಿದ ಮಳೆಗೆ ಕೆರೆಗಳು ತುಂಬಿ ಹರಿದವು. ಒತ್ತುವರಿಯಾದ ಕಾಲುವೆಯಲ್ಲಿ ನೀರಿಗೆ ದಾರಿ ಎಲ್ಲಿ? ಬೆಳ್ಳಂದೂರು ಕೆರೆಯ ಮಗ್ಗುಲಲ್ಲೇ ಇರುವ ಯಮಲೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಗೆ ನೀರು ನುಗ್ಗಿತು, ಕಾರುಗಳು ಮುಳುಗಿದವು. ಹೊರ ವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಗ್ನಿಶಾಮಕ ಸಿಬ್ಬಂದಿ ಬೀದಿಯಲ್ಲಿ ದೋಣಿ ನಡೆಸಿದರು. ಮಳೆಯನ್ನು ಬೈದು ಏನು ಪ್ರಯೋಜನ, ಅಲ್ವಾ? ಕಾಲುವೆ ಮುಚ್ಚಿದ್ದು ಮಳೆಯಲ್ಲ.

2023ರಲ್ಲಿ ದಳಕ್ಕೆ 90 ಮೀಟರಿನ ಏಣಿ ಬಂತು. ಎತ್ತರದ ಕಟ್ಟಡಗಳಿಗೆ ಅದು ಬೇಕೇ ಬೇಕಿತ್ತು. ಯಮಲೂರಿನಲ್ಲಿ ಬೇಕಾಗಿದ್ದು ಮಾತ್ರ ದೋಣಿ, ಬೆಳ್ಳಂದೂರಿನಲ್ಲಿ ಜೊಂಡು ಕೀಳುವ ಯಂತ್ರ.