ಸುಮಾರು ನೂರನಲವತ್ತು ವರ್ಷಗಳ ಹಿಂದಿನ ದೊರೆಯ ಕ್ರೌರ್ಯದ ನೆನಪು ಇಂದಿಗೂ ಏಕೆ ಆರಿಲ್ಲ?

ಓದುಗರ ಪ್ರಶ್ನೆ: ಇಥಿಯೋಪಿಯಾದಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಹೆಸರೆತ್ತಿದರೆ ಈಗಲೂ ಘರ್ಷಣೆಯಾಗುತ್ತದೆ. ಕಣ್ಣಾರೆ ಕಂಡವರು ಯಾರೂ ಬದುಕಿಲ್ಲದ, ಬಾಯಿಂದ ಬಾಯಿಗೆ ಸಾಗಿ ಬಂದ ದೌರ್ಜನ್ಯದ ಕಥೆಗಳು ಇಂದಿನ ಜನಾಂಗಗಳ ನಡುವೆ ಇಷ್ಟೊಂದು ಕಹಿ ಹುಟ್ಟಿಸುವುದು ಹೇಗೆ? ಅವುಗಳನ್ನು ನಂಬಬಹುದೇ?

ಉತ್ತರ: ಶೆವಾ ಪ್ರಾಂತ್ಯದ ಅರಸನಾಗಿದ್ದು 1889ರಲ್ಲಿ ಚಕ್ರವರ್ತಿಯಾದ ಮೆನೆಲಿಕ್, 1896ರಲ್ಲಿ ಅಡ್ವಾದಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದವನು. ಅಮ್ಹಾರಾ ಜನರಲ್ಲಿ ಬಹಳಷ್ಟು ಮಂದಿಗೆ ಆತ ದೇಶವನ್ನು ಕಟ್ಟಿದವನು, ವಸಾಹತುಶಾಹಿಯ ಎದುರು ತಲೆಬಾಗದ ಆಫ್ರಿಕಾದ ಹೆಮ್ಮೆ. ಆದರೆ ದಕ್ಷಿಣದ ಅರ್ಸಿ ಸೀಮೆಯ ಒರೊಮೊ ಜನ ನೆನೆಯುವುದು ಅದಕ್ಕೂ ಹಿಂದಿನ ದಶಕವನ್ನು. ಮೆನೆಲಿಕ್‌ನ ಚಿಕ್ಕಪ್ಪ ರಾಸ್ (ಇದು ಉನ್ನತ ಸರದಾರರ ಬಿರುದು) ದಾರ್ಗೆಯ ನೇತೃತ್ವದ ಸೇನೆ ಬಂದೂಕು ಹಿಡಿದು ಬಂದಾಗ ಅರ್ಸಿಯವರು ಈಟಿ ಹಿಡಿದು ವರ್ಷಗಟ್ಟಲೆ ಹೋರಾಡಿ, 1886ರಲ್ಲಿ ಅಜುಲೆ ಎಂಬಲ್ಲಿ ಭೀಕರವಾಗಿ ಸೋತರು. ಆ ಬಳಿಕ ಆನೋಲೆ ಎಂಬಲ್ಲಿಗೆ ಜನರನ್ನು ಕರೆಸಿ, ಗಂಡಸರ ಕೈಗಳನ್ನೂ ಹೆಂಗಸರ ಸ್ತನಗಳನ್ನೂ ಕತ್ತರಿಸಲಾಯಿತು ಎಂಬುದು ತಲೆಮಾರುಗಳಿಂದ ಅಲ್ಲಿ ಹೇಳುತ್ತ ಬಂದಿರುವ ಸಂಗತಿ.

ಇದು ನಿಜವೇ? ದಂಡಯಾತ್ರೆ, ಪ್ರತಿರೋಧ ಮತ್ತು ಅಜುಲೆಯ ಸೋಲಿನ ಬಗ್ಗೆ ಸಂಶಯವಿಲ್ಲ. ಆನೋಲೆಯ ಅಂಗಚ್ಛೇದ ಮಾತ್ರ ಮುಖ್ಯವಾಗಿ ಮೌಖಿಕ ಸಾಕ್ಷ್ಯದ ಮೇಲೆಯೇ ನಿಂತಿದೆ. ಆದ್ದರಿಂದಲೇ ಅದನ್ನು ಇತ್ತೀಚಿನ ಕಟ್ಟುಕಥೆ ಎಂದು ತಳ್ಳಿಹಾಕುವವರಿದ್ದಾರೆ. ಈ ತಳ್ಳಿಹಾಕುವಿಕೆಯನ್ನು ನಾನು ಒಪ್ಪುವುದಿಲ್ಲ. ಅಂದು ಬರವಣಿಗೆ ಇದ್ದದ್ದು ಗೆದ್ದವರ ಆಸ್ಥಾನದಲ್ಲಿ. ದೊರೆಯನ್ನು ಹೊಗಳಲೆಂದು ಬರೆದ ವೃತ್ತಾಂತಗಳಲ್ಲಿ ಸೋತವರ ನೋವಿಗೆ ದಾಖಲೆ ಸಿಗಲಿಲ್ಲವೆಂದರೆ ಆ ನೋವೇ ಇರಲಿಲ್ಲವೆಂದು ಅರ್ಥವಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಅಡ್ವಾ ಯುದ್ಧದ ನಂತರ, ಇಟಲಿಯ ಪರವಾಗಿ ಹೋರಾಡಿ ಸೆರೆಸಿಕ್ಕ ಎರಿಟ್ರಿಯಾದ ಸೈನಿಕರ ಬಲಗೈ ಮತ್ತು ಎಡಗಾಲನ್ನು ಕತ್ತರಿಸಿದ್ದು ಲಿಖಿತ ದಾಖಲೆಗಳಲ್ಲಿಯೇ ಇದೆ. ಇದರಿಂದ ಆನೋಲೆಯ ಘಟನೆ ಸಾಬೀತಾಗುವುದಿಲ್ಲ. ಆದರೆ ಅಂಥದ್ದು ಆ ಕಾಲದಲ್ಲಿ ಊಹೆಗೂ ನಿಲುಕದ್ದಾಗಿತ್ತು ಎಂಬ ವಾದ ನಿಲ್ಲುವುದಿಲ್ಲ. ಅದೇ ವೇಳೆ, ಬಾಯಿಮಾತಿನ ಇತಿಹಾಸಕ್ಕೆ ಅದರದ್ದೇ ಆದ ನಡೆ ಇದೆ ಎಂಬುದನ್ನೂ ಮರೆಯಬಾರದು. ಹಲವು ವರ್ಷಗಳ ದಾಳಿಗಳು ಕ್ರಮೇಣ ಒಂದೇ ದಿನಕ್ಕೆ, ಒಂದೇ ಬಯಲಿಗೆ ಬಂದು ಸೇರುತ್ತವೆ. ಹತ್ತು ದಳಪತಿಗಳು ಮಾಡಿದ್ದೆಲ್ಲ ಒಬ್ಬ ದೊರೆಯ ಹೆಸರಿನಲ್ಲಿ ನಿಲ್ಲುತ್ತದೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದು ಇದರ ಅರ್ಥವಲ್ಲ. ನೆನಪು ತನ್ನ ಭಾರವನ್ನು ಹೊತ್ತು ಸಾಗುವ ರೀತಿಯೇ ಅದು.

ಆದರೆ ಕಥೆ ಇಷ್ಟು ಕಾಲ ಬಿಸಿಯಾಗಿ ಉಳಿಯಲು ಕ್ರೌರ್ಯವೊಂದೇ ಕಾರಣವಲ್ಲ. ನನ್ನ ದೃಷ್ಟಿಯಲ್ಲಿ ಉತ್ತರದ ತಿರುಳು ಇರುವುದು ಇಲ್ಲಿ. ಗೆದ್ದ ನೆಲವನ್ನು ಸೈನಿಕರಿಗೂ ಅಧಿಕಾರಿಗಳಿಗೂ ಹಂಚಲಾಯಿತು, ಅಲ್ಲಿಯವರೆಗೆ ಅದನ್ನು ತಮ್ಮದೆಂದುಕೊಂಡಿದ್ದವರು ಆ ಒಡೆಯರಿಗೆ ಕಾಣಿಕೆಯನ್ನೂ ದುಡಿಮೆಯನ್ನೂ ಒಪ್ಪಿಸುವ ಒಕ್ಕಲುಗಳಾದರು. ಬಂದೂಕು ಎಂಬರ್ಥದ ಅಮ್ಹಾರಿಕ್ ಪದದಿಂದ ಹುಟ್ಟಿದ ‘ನೆಫ್ತೆನ್ಯಾ’ ಎಂಬ ಹೆಸರು ಅಂಥ ಒಡೆಯನಿಗೆ ಸಂದಿತು. ಈ ಗೇಣಿ ವ್ಯವಸ್ಥೆಗೆ ಕೊನೆ ಬಂದದ್ದು 1975ರಲ್ಲಿ, ಸೇನಾ ಸರ್ಕಾರ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ. ಎಂದರೆ, ತನ್ನ ತಂದೆ ಬೆಳೆದ ಬೆಳೆಯಲ್ಲಿ ಪಾಲು ಹೊತ್ತು ಒಡೆಯನ ಮನೆಗೆ ಹೋಗುವುದನ್ನು ಕಂಡವರು ಇಂದೂ ಇದ್ದಾರೆ. ಆ ಸೇನಾ ಸರ್ಕಾರಕ್ಕೂ ಮೊದಲು ಆಳಿದ ಸಾಮ್ರಾಟ ಹೈಲೆ ಸೆಲಾಸಿಯ ಕಾಲದಲ್ಲಿ ಒರೊಮೊ ಭಾಷೆಗೆ ಶಾಲೆಯಲ್ಲಾಗಲಿ ಮುದ್ರಣದಲ್ಲಾಗಲಿ ಜಾಗವಿರಲಿಲ್ಲ. ಆ ಜನರನ್ನು ಕರೆಯುತ್ತಿದ್ದ ಹೆಸರೂ ಅವಮಾನಕರವಾದದ್ದೇ. ಹೀಗಿರುವಾಗ ಅಜ್ಜಿ ಹೇಳಿದ ಆನೋಲೆಯ ಕಥೆ ಮಗುವಿಗೆ ಹಳೆಯ ಕಾಲದ ಸುದ್ದಿಯಾಗಿ ಕೇಳಿಸಲಿಲ್ಲ. ಮನೆಯ ಬಡತನ ಎಲ್ಲಿಂದ ಬಂತು ಎಂಬುದಕ್ಕೆ ಕಾರಣವಾಗಿ ಕೇಳಿಸಿತು.

1991ರಲ್ಲಿ ಸೇನಾ ಸರ್ಕಾರ ಉರುಳಿದ ನಂತರ ಈ ಕಥೆಯ ನೆಲೆಯೇ ಬದಲಾಯಿತು. 1995ರ ಸಂವಿಧಾನ ದೇಶವನ್ನು ಬಹುಮಟ್ಟಿಗೆ ಜನಾಂಗಗಳ ಆಧಾರದ ಮೇಲೆ ಪ್ರಾಂತ್ಯಗಳಾಗಿ ವಿಂಗಡಿಸಿದಾಗ, ಅದುವರೆಗೆ ಮನೆಯೊಳಗೆ ಪಿಸುದನಿಯಲ್ಲಿ ಹೇಳುತ್ತಿದ್ದದ್ದು ಒಂದು ಪ್ರಾಂತ್ಯದ ಅಧಿಕೃತ ನೆನಪಾಯಿತು. 2014ರಲ್ಲಿ ಆನೋಲೆಯಲ್ಲಿ ಸ್ಮಾರಕವೊಂದು ಎದ್ದು ನಿಂತಿತು: ಕತ್ತರಿಸಿದ ಸ್ತನವನ್ನು ಹಿಡಿದಿರುವ ಕೈ. ನೊಂದವರ ಗುರುತಿಗೆ ಒಂದು ಜಾಗ ಬೇಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಾಯಿಮಾತಿನ ಕಥೆಯಲ್ಲಿ ತಿರುವುಗಳಿಗೆ ಅವಕಾಶವಿರುತ್ತದೆ, ಸ್ಮಾರಕದಲ್ಲಿ ಇರುವುದಿಲ್ಲ. ಮೆನೆಲಿಕ್‌ಗಾಗಿ ಒರೊಮೊ ಸೀಮೆಗಳನ್ನು ಗೆದ್ದುಕೊಟ್ಟ ರಾಸ್ ಗೋಬನಾ ಸ್ವತಃ ಒರೊಮೊ ಆಗಿದ್ದ. ಇಂದಿನ ಒರೊಮೊ ರಾಜಕೀಯದಲ್ಲಿ ಆತನ ಹೆಸರು ಹೆಚ್ಚಾಗಿ ದ್ರೋಹಿ ಎಂಬ ಬೈಗುಳವಾಗಿ ಉಳಿದಿದೆ. ಗೆದ್ದವರು ಮತ್ತು ಸೋತವರ ನಡುವಿನ ಗೆರೆ ಜನಾಂಗದ ಗೆರೆಯೇ ಆಗಿರಲಿಲ್ಲ ಎಂಬ ಅರಿವು ಅಲ್ಲಿ ಕಳೆದುಹೋಗುತ್ತದೆ.

ಅಪಾಯ ಶುರುವಾಗುವುದೂ ಇಲ್ಲಿಂದಲೇ. ಭೂಮಿಯ ಒಡೆತನದ ಪದವಾಗಿದ್ದ ‘ನೆಫ್ತೆನ್ಯಾ’, ಆ ಒಡೆತನ ಅಳಿದ ಮೇಲೂ ಘೋಷಣೆಗಳಲ್ಲಿ ಉಳಿದು, ಅಮ್ಹಾರಾ ಆಗಿ ಹುಟ್ಟಿದವರಿಗೆಲ್ಲ ಅನ್ವಯಿಸತೊಡಗಿತು. 1888ರಿಂದ 1892ರವರೆಗಿನ ಮಹಾಕ್ಷಾಮದಲ್ಲಿ ಉತ್ತರದ ಅಮ್ಹಾರಾ ರೈತರೂ ಅಪಾರ ಸಂಖ್ಯೆಯಲ್ಲಿ ಸತ್ತರು. ಆದರೆ ಅಂಥ ರೈತರ ಮರಿಮೊಮ್ಮಗ ಇಂದು ಅದೇ ಕಾಲದ ದೊರೆಯ ತಪ್ಪಿಗೆ ಉತ್ತರ ಕೊಡಬೇಕಾಗಿದೆ. ಜೂನ್ 2020ರಲ್ಲಿ ಒರೊಮೊ ಗಾಯಕ ಹಚಾಲು ಹುಂಡೆಸ್ಸಾ ಸಂದರ್ಶನವೊಂದರಲ್ಲಿ ಮೆನೆಲಿಕ್‌ನನ್ನು ಟೀಕಿಸಿದ್ದ. ಕೆಲವೇ ದಿನಗಳಲ್ಲಿ ಅಡಿಸ್ ಅಬಾಬಾದಲ್ಲಿ ಆತನ ಕೊಲೆಯಾಯಿತು. ಮುಂದಿನ ದಿನಗಳಲ್ಲಿ ಹರಾರ್‌ನಲ್ಲಿ ಹೈಲೆ ಸೆಲಾಸಿಯ ತಂದೆ ರಾಸ್ ಮಕೊನೆನ್‌ನ ಪ್ರತಿಮೆಯನ್ನು ಕೆಡವಲಾಯಿತು. ಭದ್ರತಾ ಪಡೆಗಳ ಗುಂಡಿಗೂ ಗುಂಪುಗಳ ದಾಳಿಗೂ ಸಿಕ್ಕಿ 150ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಒರೊಮೊಗಳೂ ಇದ್ದರು, ಅಮ್ಹಾರಾಗಳೂ ಇದ್ದರು.

ನಂಬಬಹುದೇ ಎಂಬ ನಿಮ್ಮ ಪ್ರಶ್ನೆಗೆ ಅರ್ಸಿ ಸೀಮೆಯ ಇನ್ನೊಂದು ಹೆಸರನ್ನು ಹೇಳದೆ ಉತ್ತರ ಪೂರ್ಣವಾಗದು. 1990ರ ದಶಕದ ಆರಂಭದಲ್ಲಿ ಅಲ್ಲಿಯ ಅರ್ಬಾ ಗುಗುವಿನಲ್ಲಿ ಅಮ್ಹಾರಾ ಕುಟುಂಬಗಳ ಹತ್ಯೆಯಾಯಿತು. ಅಮ್ಹಾರಾಗಳು ಆ ಹೆಸರನ್ನು, ಒರೊಮೊಗಳು ಆನೋಲೆಯ ಹೆಸರನ್ನು ಹೇಳುವಷ್ಟೇ ನೋವಿನಿಂದ ಹೇಳುತ್ತಾರೆ. ಒಂದೇ ಸೀಮೆಯ ಎರಡು ಮನೆಗಳಲ್ಲಿ ಎರಡು ಕಥೆಗಳು ಬೆಳೆಯುತ್ತಿವೆ, ಒಂದನ್ನು ಹೇಳುವ ಮನೆಯಲ್ಲಿ ಇನ್ನೊಂದಕ್ಕೆ ಕಿವಿಯಿಲ್ಲ. ಆನೋಲೆಯ ಮುದುಕಿಯ ಮಾತನ್ನು ನಂಬಿ ಎಂದು ನಾನು ಹೇಳುವುದಾದರೆ, ಅರ್ಬಾ ಗುಗುವಿನ ಮುದುಕಿಯ ಮಾತನ್ನೂ ಅದೇ ತಾಳ್ಮೆಯಿಂದ ಕೂತು ಕೇಳಿ ಎಂದೇ ಹೇಳಬೇಕಾಗುತ್ತದೆ. ಇಬ್ಬರನ್ನೂ ಕೇಳಬೇಕಾದದ್ದು ಕೊಂದವರ ಜನಾಂಗ ಯಾವುದೆಂದಲ್ಲ, ಅಪ್ಪಣೆ ಕೊಟ್ಟವರು ಯಾರು ಮತ್ತು ಆಮೇಲೆ ಆ ಹೊಲ ಯಾರ ಪಾಲಾಯಿತು ಎಂದು.